ಮತ್ತು ಸಂಗಡಿಗರು

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮಾದಪ್ಪ, ನಮ್ಮ ಮಲೆ ಮಾದೇಶ್ವರ, ಹುಲಿಯೇರಿ ಕೂತಿದ್ದ. ಕೆಳಗೆ ದಪ್ಪಕ್ಷರದಲ್ಲಿ ‘ಸಂಕಮ್ಮನ ಸಾಲು’, ಅದರ ಪಕ್ಕದಲ್ಲಿ ‘ಭಾಗ 1’. ಇನ್ನೂ ಕೆಳಗೆ ಹಾಡಿದವರ ಹೆಸರು, ಹೆಸರಿನ ಬಾಲಕ್ಕೆ ಎರಡೇ ಪದ: ಮತ್ತು ಸಂಗಡಿಗರು.

1990ರ ದಶಕದ ಮೊದಲಲ್ಲಿ ಅಪ್ಪ ಅದನ್ನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಕೊಂಡು ತಂದರು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಸಾಲು ಆಗ ರಸ್ತೆಯುದ್ದಕ್ಕೂ ಇತ್ತು. ಆ ದಿನಗಳಲ್ಲಿ ಟೀ ಅಂಗಡಿ, ಸೈಕಲ್ ಶಾಪು, ಬಟ್ಟೆ ಅಂಗಡಿ ಎಲ್ಲೆಲ್ಲೂ ಮಾದಪ್ಪನ ಹಾಡೇ. ಮನೆಗೆ ಬಂದ ಕ್ಯಾಸೆಟ್ಟನ್ನು ನಾವು ತಿಂಗಳುಗಟ್ಟಲೆ ಹಾಕಿದೆವು. ಮೊದಲ ಬದಿಯಲ್ಲಿ ಸ್ತುತಿ ಮುಗಿದು, ಸಂಕಮ್ಮನ ಗಂಡ ನೀಲೇಗೌಡ ಜೇನಿಗೆ ಕಾಡು ಹತ್ತಲು ಸಿದ್ಧನಾಗುತ್ತಾನೆ. ಹೋಗುವ ಮುಂಚೆ ಹೆಂಡತಿಯ ಶೀಲಕ್ಕೆ ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಎರಡನೆಯ ಬದಿಯೆಲ್ಲ ಅವನು ಕೊಡುವ ಹಿಂಸೆ. ಕೊನೆಗೆ ಕಾಡಿನ ನಡುವೆ ಒಂದು ಗುಡಿಸಲು ಹಾಕಿ, ಮಾಟಮಂತ್ರದ ಕಾವಲಿಟ್ಟು, ಅವಳನ್ನು ಒಳಗೆ ಕೂಡಿ ಬಾಗಿಲು ಮುಚ್ಚುತ್ತಾನೆ. ಕಂಸಾಳೆ ಒಂದು ಸಲ ಝಲ್ಲೆನ್ನುತ್ತದೆ. ಟೇಪ್ ರೆಕಾರ್ಡರಿನ ಗುಂಡಿ ಟಕ್ಕೆಂದು ಮೇಲೆದ್ದು ಬರುತ್ತದೆ. ಅಷ್ಟೆ.

ಭಾಗ 2 ಬರಲೇ ಇಲ್ಲ. ಅಪ್ಪ ಸಂತೆಗೆ ಹೋದಾಗಲೆಲ್ಲ ಕ್ಯಾಸೆಟ್ಟಿನ ಅಂಗಡಿಯಲ್ಲಿ ವಿಚಾರಿಸುತ್ತಿದ್ದರು. ಮುಂದಿನ ವಾರ ಬರುತ್ತದೆ ಅಂದರು, ಹಬ್ಬಕ್ಕೆ ಬರುತ್ತದೆ ಅಂದರು. ಆಮೇಲೆ ಆ ಅಂಗಡಿಯಲ್ಲಿ ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲ್ ಕವರು ಬಂತು. ಆ ತಂಡ ಸ್ಟುಡಿಯೋದೊಳಗೆ ಹೋಗಿದ್ದು ಅದೊಂದೇ ಸಲ. ನನ್ನ ಎಳೆತನದಲ್ಲಿ ಸಂಕಮ್ಮ ವರ್ಷಗಟ್ಟಲೆ ಆ ಗುಡಿಸಲೊಳಗೇ ಇದ್ದಳು.

ಮುಂದಿನ ಕತೆ ಅವ್ವನಿಗೆ ಗೊತ್ತಿತ್ತು. ಮಾದಪ್ಪನ ಕತೆ ಹಾಡುತ್ತಾ ಭಿಕ್ಷೆಗೆ ಬರುತ್ತಿದ್ದ ದೇವರಗುಡ್ಡರ ಬಾಯಿಂದ ಅವಳು ಚಿಕ್ಕಂದಿನಲ್ಲಿ ಕೇಳಿದ್ದಳು. ಮಾದಪ್ಪ ಜಂಗಮನಾಗಿ ಬಂದು ಗುಡಿಸಲ ಕಾವಲು ಮುರಿದಿದ್ದು, ಮಕ್ಕಳ ವರ ಕೊಟ್ಟಿದ್ದು, ಕಾರಯ್ಯ ಬಿಲ್ಲಯ್ಯ ಹುಟ್ಟಿದ್ದು, ಎಲ್ಲವನ್ನೂ ಹೇಳುತ್ತಿದ್ದಳು. ಹಾಡು ಅಂದರೆ ಮಾತ್ರ ಒಲ್ಲಳು. ‘ಸೊಲ್ಲು ಹೇಳೋರು ಬ್ಯಾಡ್ವಾ? ಒಬ್ಬಳೇ ಹೆಂಗ ಹಾಡ್ಲಿ?’ ಅನ್ನುತ್ತಿದ್ದಳು. ಅದು ತಪ್ಪಿಸಿಕೊಳ್ಳುವ ಮಾತೆಂದುಕೊಂಡಿದ್ದೆ. ಅದರಲ್ಲಿ ಎಷ್ಟು ದೊಡ್ಡ ನಿಜವಿತ್ತೆಂದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಈ ಸೀಮೆಗೆ ಹೊಸಬರಾದವರಿಗೆ ಒಂದೆರಡು ಮಾತು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಇವತ್ತು ಚಾಮರಾಜನಗರ ಜಿಲ್ಲೆಯಲ್ಲಿವೆ. ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಈಚೆಗೆ ತಾಲ್ಲೂಕಾದ ಹನೂರು ಮೊದಲು ಕೊಳ್ಳೇಗಾಲಕ್ಕೇ ಸೇರಿತ್ತು. ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಕಚೇರಿಯ ಕಾಗದ ಇವುಗಳನ್ನು ಎಷ್ಟು ಸಲ ಕಡಿದು ಕೂಡಿಸಿದರೂ ಹಾಡು ಮಾತ್ರ ಒಂದೇ ಇತ್ತು. ಮಾದಪ್ಪನ ಒಕ್ಕಲು ಕಾವೇರಿಯ ಆಚೆ ಮಳವಳ್ಳಿ, ಕನಕಪುರದಲ್ಲೂ ಇದ್ದಾರೆ; ತಮಿಳುನಾಡಿನ ಗಡಿಯೊಳಗೂ ಇದ್ದಾರೆ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆಯಿದೆ. ಬನದ ಹುಣ್ಣಿಮೆಯ ರಾತ್ರಿ ಅಲ್ಲಿ ಚಂದ್ರಮಂಡಲ ಹೊತ್ತಿಸಿದಾಗ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕತೆ ಹಾಡುತ್ತಾರೆ. ನೀಲಗಾರರದು ತಂಬೂರಿ, ದೇವರಗುಡ್ಡರದು ಕಂಸಾಳೆ. ಒಂದೇ ಮಣ್ಣಿನ ಎರಡು ದೊಡ್ಡ ಕತೆಗಳು ಇವು.

ಕಂಸಾಳೆ ನೋಡಲು ಸರಳ. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ನಡುವೆ ದಾರ ಪೋಣಿಸಿದ ಚಪ್ಪಟೆ ತಟ್ಟೆ. ಬೀಸು ಕಂಸಾಳೆಯಲ್ಲಿ ಕುಣಿಯುವವರು ಅದನ್ನು ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕದವನ ಬಟ್ಟಲಿಗೂ ಬೀಸಿ ಹೊಡೆಯುತ್ತಾರೆ. ಮೆರವಣಿಗೆಗಳಲ್ಲಿ, ವೇದಿಕೆಗಳಲ್ಲಿ ನಾಡೆಲ್ಲ ನೋಡುವುದು ಇದನ್ನೇ. ಕತೆ ಹಾಡುವ ಮೇಳ ಬೇರೆ. ಅಲ್ಲಿ ಕೂತು ಹಾಡುತ್ತಾರೆ. ನಡುವೆ ಕತೆ ಹೇಳುವ ಮುಂದಾಳು, ಅಕ್ಕಪಕ್ಕ ಇಬ್ಬರೋ ಮೂವರೋ ಹಿಮ್ಮೇಳದವರು, ಜೊತೆಗೆ ದಮ್ಮಡಿ ಎಂಬ ಒಂದು ಚರ್ಮವಾದ್ಯ. ಕತೆಯ ಒಂದೊಂದು ಪ್ರಸಂಗಕ್ಕೂ ‘ಸಾಲು’ ಎಂದು ಹೆಸರು: ಸಂಕಮ್ಮನ ಸಾಲು, ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು. ಎಲ್ಲ ಸಾಲನ್ನೂ ಹಾಡಲು ಹಲವು ರಾತ್ರಿ ಬೇಕು.

ಸೊಲ್ಲು ಅಂದರೆ ಹಿಮ್ಮೇಳದವರು ಮತ್ತೆ ಮತ್ತೆ ಎತ್ತಿಕೊಳ್ಳುವ ಪಲ್ಲವಿ. ಅದು ಕೆಲಸ ಮಾಡುವ ಬಗೆಯನ್ನು ಹತ್ತಿರ ಕೂತು ಕೇಳಬೇಕು. ಮುಂದಾಳು ಒಂದು ಸಾಲು ಹಾಡಿ ಕೊನೆಯ ಸ್ವರವನ್ನು ಎಳೆಯುತ್ತಾರೆ. ಅದು ಇಳಿಯುವ ಮೊದಲೇ ಎಡಬಲದ ದನಿಗಳು ಅದರಡಿಗೆ ಹೆಗಲು ಕೊಡುತ್ತವೆ. ಮುಂದಾಳು ಉಸಿರು ತೆಗೆದುಕೊಳ್ಳುವುದು ಆಗ, ಮುಂದಿನ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದೂ ಆಗಲೇ. ಬರೆದಿಟ್ಟ ಹಾಡಲ್ಲ ಇದು. ರಾತ್ರಿ ಎರಡು ಗಂಟೆಗೆ ಜನ ತೂಕಡಿಸಿದರೆ ಸೊಲ್ಲು ಜೋರಾಗುತ್ತದೆ, ಹೆಂಗಸರು ಕಣ್ಣೊರೆಸಿಕೊಂಡರೆ ನಿಧಾನವಾಗುತ್ತದೆ. ಮೂರು ಸಲ ಬರಬೇಕಾದ ಸೊಲ್ಲು ಏಳು ಸಲ ಬಂದರೆ ಮುಂದಾಳಿಗೆ ಮಾತು ಸಿಗುತ್ತಿಲ್ಲ ಎಂದರ್ಥ. ಹಿಮ್ಮೇಳ ಅದನ್ನು ಅರಿತು ಕಾಯುತ್ತದೆ. ಯಾರೂ ಮುಖ ನೋಡಿಕೊಳ್ಳುವುದಿಲ್ಲ.

ಅಮೆರಿಕದ ಕಪ್ಪುಜನರ ಸೋಲ್ ಸಂಗೀತ ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ಅಪರಿಚಿತ ಎನಿಸಲಿಲ್ಲ. ಕಾರಣ ಇದೇ ಇರಬೇಕು. ಒಬ್ಬರು ಕರೆಯುತ್ತಾರೆ, ಉಳಿದವರು ಓಗೊಡುತ್ತಾರೆ. ಅದು ಅವರ ಚರ್ಚುಗಳ ಭಜನೆಯಿಂದ ಬಂದ ಕ್ರಮ. 1954ರಲ್ಲಿ ಗಾಯಕ ರೇ ಚಾರ್ಲ್ಸ್ ದೇವರ ಹಾಡಿನ ಧಾಟಿಗೆ ಪ್ರೀತಿಯ ಮಾತು ಕೂರಿಸಿ ಹಾಡಿದಾಗ ಭಕ್ತರಿಗೆ ಸಿಟ್ಟು ಬಂದಿತ್ತು, ಹುಡುಗರಿಗೆ ಹುಚ್ಚು ಹಿಡಿದಿತ್ತು. ಸೋಲ್, ಸೊಲ್ಲು ಎರಡಕ್ಕೂ ಶಬ್ದದ ನಂಟಿಲ್ಲ. ಕೇಳುವ ಕಿವಿಗೆ ಮಾತ್ರ ಎರಡೂ ಒಂದೇ ಕೇರಿಯವು.

ಡೆಟ್ರಾಯಿಟ್ ಊರಿನಲ್ಲಿ 1959ರಲ್ಲಿ ಬೆರ್ರಿ ಗಾರ್ಡಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಶುರು ಮಾಡಿದ ಮೋಟೌನ್ ಎಂಬ ರೆಕಾರ್ಡ್ ಕಂಪನಿಯಲ್ಲಿ ಎಲ್ಜಿನ್ಸ್ ಎಂಬ ಸೋಲ್ ತಂಡವಿತ್ತು. ಸಾಂಡ್ರಾ ಎಡ್ವರ್ಡ್ಸ್ ಮುಂದಾಳು, ಸುತ್ತ ಗಂಡು ದನಿಗಳು. ಆ ಕಾಲದಲ್ಲಿ ಅವರಿಂದ ಬಂದದ್ದು ಒಂದೇ ಆಲ್ಬಮ್, 1966ರ ‘ಡಾರ್ಲಿಂಗ್ ಬೇಬಿ’. ಮರುವರ್ಷ ತಂಡ ಚದುರಿತು. 1971ರಲ್ಲಿ ಬ್ರಿಟನ್ನಿನಲ್ಲಿ ಅದೇ ಆಲ್ಬಮ್ಮಿನ ಒಂದು ಹಾಡು ಮತ್ತೆ ಬಿಡುಗಡೆಯಾಗಿ ಅಲ್ಲಿನ ಪಟ್ಟಿಯಲ್ಲಿ ಮೂರನೆಯ ಜಾಗಕ್ಕೇರಿತು. ಕಡಲಾಚೆಯ ಜನ ಕುಣಿಯುವ ಹೊತ್ತಿಗೆ ಹಾಡಿದವರು ತಮ್ಮ ತಮ್ಮ ದಾರಿ ಹಿಡಿದು ನಾಲ್ಕು ವರ್ಷವಾಗಿತ್ತು.

ಎಲ್ಜಿನ್ಸ್ ಹೆಸರಾದರೂ ಉಳಿಯಿತು. ಅದೇ ಸ್ಟುಡಿಯೋದಲ್ಲಿ ಆಂಡಾಂಟಿಸ್ ಎಂದು ಮೂವರು ಹೆಣ್ಣುಮಕ್ಕಳಿದ್ದರು: ಜಾಕಿ ಹಿಕ್ಸ್, ಮಾರ್ಲೀನ್ ಬಾರೊ, ಲುವೇನ್ ಡೆಂಪ್ಸ್. ಮೋಟೌನಿನ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಹಿಂದಿನಿಂದ ಓಗೊಡುವ ದನಿ ಅವರದು. ಜಗತ್ತೇ ಗುನುಗಿದ ಆ ಹಾಡುಗಳ ಹೊದಿಕೆಯ ಮೇಲೆ ಅವರ ಹೆಸರಿರುತ್ತಿರಲಿಲ್ಲ, ಆ ಕಂಪನಿಯಿಂದ ಅವರದೇ ಹೆಸರಿನ ಒಂದು ಆಲ್ಬಮ್ಮೂ ಹೊರಬರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಮ್ಮ ಕ್ಯಾಸೆಟ್ಟಿನ ಹೊದಿಕೆ ನೆನಪಾಯಿತು. ಮತ್ತು ಸಂಗಡಿಗರು. ಆ ಸಂಗಡಿಗರು ಯಾರು?

ಹುಡುಕುವುದು ಸುಲಭವಾಗಲಿಲ್ಲ. ಮುಂದಾಳು ತೀರಿಹೋಗಿ ಬಹಳ ವರ್ಷವಾಗಿತ್ತು. ಕಾಮಗೆರೆಯಲ್ಲಿ ಕೇಳಿದರೆ ಹನೂರಿನ ಕಡೆಯವರು ಅಂದರು, ಹನೂರಿನಲ್ಲಿ ಕೌದಳ್ಳಿ ದಾರಿ ತೋರಿಸಿದರು. ಕೊನೆಗೆ ರಸ್ತೆ ಪಕ್ಕದ ಒಂದು ಸಣ್ಣ ಊರಿನಲ್ಲಿ, ಹೆಂಚಿನ ಮನೆಯ ಜಗುಲಿಯ ಮೇಲೆ, ಹಿಮ್ಮೇಳದ ಎಡದನಿ ಕೂತಿತ್ತು. ಕೊರಳಲ್ಲಿ ರುದ್ರಾಕ್ಷಿ, ಹಣೆಯಲ್ಲಿ ಬೆಳಗಿನ ವಿಭೂತಿ ಅರ್ಧ ಅಳಿಸಿತ್ತು. ಊರವರು ಅವರನ್ನು ಗುಡ್ಡಪ್ಪ ಎಂದೇ ಕರೆಯುತ್ತಾರೆ. ಹೆಸರು ಬರೆಯಲೇ ಎಂದು ಕೇಳಿದೆ. ‘ಮುಂದಾಳೇ ಹೋದ ಮ್ಯಾಲ ನನ್ನೆಸ್ರು ಯಾಕ ಮೊಗ’ ಅಂದರು. ಹಾಗಾಗಿ ಬರೆದಿಲ್ಲ.

ಕ್ಯಾಸೆಟ್ಟನ್ನು ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ‘ನಮ್ಮತ್ರ ಒಂದೂ ಇಲ್ಲ’ ಅಂದರು.

ರೆಕಾರ್ಡಿಂಗ್ ನಡೆದದ್ದು ಊರಿಂದ ದೂರದ ಒಂದು ಸ್ಟುಡಿಯೋದಲ್ಲಿ, ಒಂದೇ ಹಗಲು. ಅವರು ಹಗಲು ಹೊತ್ತು ಕತೆ ಹಾಡಿದ್ದು ಅದೇ ಮೊದಲು. ಒಳಗೆ ನಾಲ್ಕು ಗೋಡೆಗೂ ದಪ್ಪ ಬಟ್ಟೆ ಹೊಡೆದಿತ್ತು, ದನಿ ಬಾಯಿಂದ ಹೊರಟು ಎಲ್ಲಿ ಹೋಯಿತು ಎಂದೇ ತಿಳಿಯುತ್ತಿರಲಿಲ್ಲವಂತೆ. ‘ಕೆಂಪು ಲೈಟು ಹತ್ತುದ್ರ ಆಡ್ಬೇಕು, ಆರುದ್ರ ನಿಲ್ಲುಸ್ಬೇಕು. ಮಾದಪ್ಪನ ಮುಂದ ದೀಪ ಹತ್ಸಿ ಆಡ್ದೋರು ನಾವು.’ ಕಂಸಾಳೆಯ ಸದ್ದು ಮೈಕಿಗೆ ಚುಚ್ಚುತ್ತದೆಂದು ಮೂಲೆಗೆ ಕಳಿಸಿದರು. ಕಂಚಿನ ಏರುದನಿ ಅಂಥದ್ದು, ಹತ್ತಿರದಲ್ಲಿ ಹೊಡೆದರೆ ಮನುಷ್ಯರ ದನಿ ಮುಚ್ಚಿಹೋಗುತ್ತದೆ. ಯಂತ್ರ ನೋಡಿಕೊಳ್ಳುವವರ ಕಷ್ಟವೂ ನಿಜವೇ. ನಮ್ಮ ಕ್ಯಾಸೆಟ್ಟಿನಲ್ಲಿ ಕಂಸಾಳೆ ಯಾವುದೋ ದೂರದ ಗುಡಿಯ ಗಂಟೆಯಂತೆ ಕೇಳುವುದೇಕೆಂದು ನನಗೆ ಅವತ್ತು ಗೊತ್ತಾಯಿತು.

ದೊಡ್ಡ ತೊಂದರೆ ಸೊಲ್ಲಿನದು. ಒಂದು ಕ್ಯಾಸೆಟ್ಟೆಂದರೆ ಅರವತ್ತು ನಿಮಿಷ, ಬದಿಗೆ ಮೂವತ್ತು. ಸೊಲ್ಲು ಮೂರು ಮೂರು ಸಲ ಬಂದರೆ ಕತೆ ಮುಂದೆ ಹೋಗುವುದಿಲ್ಲ, ಒಂದು ಸಲ ಸಾಕು ಎಂದರಂತೆ. ಮುಂದಾಳಿಗೆ ಉಸಿರು ಹಿಡಿಯಲಾಗದೆ ಎರಡು ಸಲ ಕೆಮ್ಮು ಬಂತು. ಮಧ್ಯಾಹ್ನ ಊಟ ಹಾಕಿದರು, ಬಸ್ ಚಾರ್ಜು ಕೊಟ್ಟರು, ಮೇಲೊಂದಿಷ್ಟು ದುಡ್ಡು. ಎರಡನೆಯ ಭಾಗಕ್ಕೆ ಹೇಳಿಕಳಿಸುತ್ತೇವೆ ಎಂದವರು ಹೇಳಿಕಳಿಸಲಿಲ್ಲ.

ಯಂತ್ರಕ್ಕೆ ತಕ್ಕಂತೆ ಹಾಡನ್ನು ಕತ್ತರಿಸುವುದು ಕ್ಯಾಸೆಟ್ಟಿನಿಂದ ಶುರುವಾದದ್ದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷದ ತಟ್ಟೆಯೊಳಗೆ ಹಿಡಿಸಿದಾಕೆ. ಹಾಡು ಮುಗಿದ ಕೂಡಲೇ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ಆಕೆಯ ಕೊನೆಯ ದಿನಗಳು ನಮ್ಮ ಮೈಸೂರಿನಲ್ಲೇ ಕಳೆದವು, ಅಲ್ಲೇ 1930ರಲ್ಲಿ ತೀರಿಕೊಂಡಳು. ನಮ್ಮ ಹಿಮ್ಮೇಳದವರಿಗೆ ಹೆಸರು ಹೇಳಿಕೊಳ್ಳಲು ಹಾಡಿನ ಕೊನೆಯಲ್ಲಿ ಒಂದು ಕ್ಷಣವನ್ನೂ ಯಾರೂ ಬಿಡಲಿಲ್ಲ.

ಕ್ಯಾಸೆಟ್ಟನ್ನು ಹಳಿಯುವುದು ಮಾತ್ರ ನನ್ನಿಂದಾಗದು. ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್ ಅವರಂಥ ಜನಪದ ಗಾಯಕರ ದನಿ ಟ್ರಾಕ್ಟರು, ಲಾರಿಗಳ ಮುಂಭಾಗದಲ್ಲಿ ಕೂತು ಊರೂರು ತಿರುಗಿದ್ದು ಕ್ಯಾಸೆಟ್ಟಿನಿಂದ. ಗುಡಿಯ ಹತ್ತಿರ ಕೂರಲು ಬಿಡದಿದ್ದ ಬೀದಿಗಳಲ್ಲೂ ನೀಲಗಾರರ ಪದ ಅದರ ಮೂಲಕವೇ ನುಗ್ಗಿತು. 1996ರಲ್ಲಿ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಸಿನಿಮಾದಲ್ಲಿ ಮಾದಪ್ಪನ ಹಾಡಿನ ಮಟ್ಟು ಬಂದಾಗ ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಸಿಕ್ಕಿತು, ನಾಡಿಗೆಲ್ಲ ಕಂಸಾಳೆಯ ಗುರುತಾಯಿತು. ಆ ಹಾಡಿಗೆ ಕುಣಿದ ಕೂಸುಗಳಲ್ಲಿ ನಾನೂ ಒಂದು.

ಕತ್ತರಿಸದೆ ಹಿಡಿದಿಟ್ಟ ಕೆಲಸವೂ ನಡೆದಿದೆ. ಪಿ.ಕೆ. ರಾಜಶೇಖರ ಅವರು 1973ರಲ್ಲೇ ಮಾದೇಶ್ವರನ ಮಹಾಕಾವ್ಯವನ್ನು ಪುಸ್ತಕವಾಗಿ ತಂದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಇನ್ನೊಂದು ಪಾಠವನ್ನು ಅಚ್ಚು ಹಾಕಿತು. ಅದು ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡ ಹಾಡಿದ್ದು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಒಂದು ಮೇಳದ ಹಾಡು ಹೀಗೆ ದಪ್ಪ ಪುಸ್ತಕವಾಗಿ ಎರಡು ಭಾಷೆಯಲ್ಲಿ ನಿಂತಿದೆ. ಅದನ್ನು ಓದುವಾಗ ನನಗೆ ಮೊದಲು ಕಣ್ಣಿಗೆ ಬೀಳುವುದು ‘ತಂಡ’ ಎಂಬ ಪದ. ಅಚ್ಚಿನಲ್ಲಿ ಸೊಲ್ಲನ್ನು ಒಂದೊಂದು ಸಲವೂ ಪೂರ್ತಿ ಬರೆಯಲಾಗದು, ಬರೆದರೆ ಕಾಗದ ಸಾಲದು. ಓದುವವರು ತಮ್ಮೊಳಗೇ ಅದನ್ನು ತುಂಬಿಕೊಳ್ಳಬೇಕು.

ಯಳಂದೂರಿನ ಕಡೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ನೆಲೆಸಿದ ಪೋಡುಗಳಲ್ಲಿ, ತುಂಬಿಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ. ಅವರ ಗೊರುಕನ ಹಾಡಿನಲ್ಲಿ ಎಲ್ಲರೂ ಹಿಮ್ಮೇಳವೇ. ಸುತ್ತುಗಟ್ಟಿ ಹೆಜ್ಜೆ ಹಾಕುತ್ತಾ ಒಬ್ಬರು ಎತ್ತಿದ್ದನ್ನು ಉಳಿದವರು ಹೊತ್ತು ತಿರುಗುತ್ತಾರೆ, ಎತ್ತುವವರು ಮಧ್ಯೆ ಬದಲಾದರೂ ಹೊರಗಿನವರಿಗೆ ತಿಳಿಯದು. ಅವರಿಗೆ ಬೆಟ್ಟದ ದೇವರು ರಂಗಪ್ಪ ಭಾವ, ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನು. ಮಾದಪ್ಪನ ವರದಿಂದ ಹುಟ್ಟಿದ ಕಾರಯ್ಯ ಅವರ ಮೂಲಪುರುಷ. ನಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಹುಟ್ಟಲೇ ಇಲ್ಲದ ಆ ಕಾರಯ್ಯನ ಮಕ್ಕಳು ಬೆಟ್ಟದ ಮೇಲೆ ಇಂದಿಗೂ ಹಾಡಿಕೊಂಡಿದ್ದಾರೆ ಎನ್ನುವುದು ನೆನೆದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಮತ್ತೆ ಜಗುಲಿಗೆ ಬರುತ್ತೇನೆ. ಟೀ ಕುಡಿದಾದ ಮೇಲೆ, ಇಷ್ಟು ದಿನ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. ‘ಗುಡ್ಡಪ್ಪ, ಎರಡನೇ ಭಾಗ ಒಂಚೂರು ಹಾಡ್ತೀರಾ? ಗುಡಿಸಲ ಬಾಗಿಲು ತೆಗೆಯೋದು?’

ಅವರು ನಕ್ಕರು. ‘ಕತ ಗೊತ್ತು ಮೊಗ. ಆದ್ರ ಮುಂದಾಳು ಪದ ನನ್ನ ಬಾಯ್ಗ ಬರಲ್ಲ. ಅವ್ರು ಎತ್ಕೊಟ್ಟದ್ದ ನಾವು ಇಡ್ಕೊಂಡು ಓಯ್ತಿದ್ದೊ, ಅಷ್ಟೇಯ.’ ನಲವತ್ತು ವರ್ಷ ಪಕ್ಕದಲ್ಲೇ ಕೂತಿದ್ದವರು. ನನಗೆ ಒತ್ತಾಯ ಮಾಡುವ ಮನಸ್ಸಾಗಲಿಲ್ಲ. ಏಳಬೇಕೆಂದಿದ್ದೆ. ಅಷ್ಟರಲ್ಲಿ ಅವರ ಎಡ ಅಂಗೈ ತಾನಾಗಿ ಬಟ್ಟಲಿನಂತೆ ಬಾಗಿತು. ಬಲಗೈ ಅದರ ಮೇಲೆ ಮೆಲ್ಲಗೆ ಬಿತ್ತು. ಕಂಚಿಲ್ಲ, ಬರೀ ಚರ್ಮದ ಸದ್ದು.

ಸೊಲ್ಲು ಹಾಡಿದರು. ಕ್ಯಾಸೆಟ್ಟಿನಲ್ಲಿದ್ದ ಅದೇ ಎಡದನಿ, ಈಗ ತುಸು ಒಡೆದಿತ್ತು. ಹಾಡಿ ನಿಲ್ಲಿಸಿದರು. ಮುಗಿಯಿತೆಂದು ನಾನು ತಿಳಿದೆ. ಮುಗಿದಿರಲಿಲ್ಲ. ಬಲಕ್ಕೆ ಸ್ವಲ್ಪ ತಿರುಗಿ, ಖಾಲಿ ಜಾಗದತ್ತ ಕಿವಿಗೊಟ್ಟು, ಮುಂದಾಳಿನ ಒಂದು ಸಾಲು ಹಿಡಿಯುವಷ್ಟು ಹೊತ್ತು ಕಾದರು. ಕೈ ತಾಳ ತಪ್ಪಲಿಲ್ಲ. ಆಮೇಲೆ ಮತ್ತೆ ಸೊಲ್ಲು ಎತ್ತಿದರು. ಮತ್ತೆ ಕಾದರು. ಒಂದು ಕಡೆ ಖಾಲಿ ಜಾಗ ಉದ್ದವಾಯಿತು, ಅಲ್ಲಿ ಮುಂದಾಳು ಎಳೆಯುತ್ತಿದ್ದರೇನೋ. ಇನ್ನೊಂದು ಕಡೆ ಸೊಲ್ಲು ಮೂರು ಸಲ ಬಂತು, ಸ್ಟುಡಿಯೋದವರು ಬೇಡ ಎಂದಿದ್ದ ಮೂರು ಸಲ. ಕೇಳದೆಯೇ ನಾನು ಫೋನ್ ಒತ್ತಿಬಿಟ್ಟಿದ್ದೆ. ಮುಗಿದ ಮೇಲೆ ಹೇಳಿದೆ, ಇಟ್ಟುಕೊಳ್ಳಲು ಒಪ್ಪಿಗೆ ಕೇಳಿದೆ. ‘ಇಟ್ಕೋ, ನಿಮ್ಮವ್ವುಂಗು ಕೇಳ್ಸು’ ಅಂದರು. ಕ್ಯಾಸೆಟ್ಟನ್ನು ಅವರ ಬಳಿಯೇ ಬಿಟ್ಟು ಬಂದೆ.

ರೆಕಾರ್ಡಿಂಗು ಹನ್ನೊಂದು ನಿಮಿಷದ್ದು. ಖಾಲಿ ಜಾಗಗಳಲ್ಲಿ ಕೋಳಿ ಕೂಗಿದೆ, ಒಲೆಯ ಹತ್ತಿರ ಪಾತ್ರೆ ಸದ್ದಿದೆ, ಬೆಟ್ಟದ ಬಸ್ಸೊಂದು ಹಾರ್ನ್ ಹೊಡೆದು ಹೋಗಿದೆ.

ಅವತ್ತು ರಾತ್ರಿ ಅವ್ವನ ಮುಂದೆ ಹಾಕಿದೆ. ಅವರೆಕಾಯಿ ಸುಲಿಯುತ್ತಿದ್ದಳು. ಮೊದಲ ಸೊಲ್ಲಿಗೆ ಕೈ ನಿಂತಿತು. ಖಾಲಿ ಜಾಗ ಬಂತು, ಸುಮ್ಮನೆ ಕೇಳಿದಳು. ಎರಡನೆಯ ಸೊಲ್ಲು ಮುಗಿಯಿತು, ಮತ್ತೆ ಖಾಲಿ ಜಾಗ. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಮೂರನೆಯ ಸಲ ಗುಡ್ಡಪ್ಪನವರ ದನಿ ನಿಂತ ಕೂಡಲೇ ಅವ್ವ ಎತ್ತಿಕೊಂಡಳು. ಮಾದಪ್ಪ ಗುಡಿಸಲ ಬಾಗಿಲಿಗೆ ಬಂದು ಸಂಕಮ್ಮನನ್ನು ಕರೆಯುವ ಸಾಲು. ನಾನು ಹುಟ್ಟಿದಾಗಿನಿಂದ ಅವಳು ಹಾಡಿದ್ದು ಕೇಳಿರಲಿಲ್ಲ. ಕೊನೆಯ ಸ್ವರವನ್ನು ಎಳೆದಳು, ಅದು ಇಳಿಯುವ ಮೊದಲು ಫೋನಿನೊಳಗಿಂದ ಸೊಲ್ಲು ಬಂತು.